ಗಿಡ ನೆಡುವ ಕಾಲ

ನಾನು ಮೇಷ್ಟರಾಗಿ ಮೊದಲು ಸೇರಿದ್ದು ಚಳ್ಳಕೆರೆ ಸೀಮೆಯ ಒಂದು ಹೈಸ್ಕೂಲಿಗೆ, 1979ರಲ್ಲಿ. ಜೂನ್ ಕೊನೆಯ ವಾರ ಒಂದು ಮಧ್ಯಾಹ್ನ ಮುಖ್ಯೋಪಾಧ್ಯಾಯರು ಕರೆದು, 'ಮುಂದಿನ ವಾರ ವನಮಹೋತ್ಸವ. ನೀವು ಮಲೆನಾಡಿನವರು, ಗಿಡಮರದ ವಿಷಯ ನಿಮಗೆ ಗೊತ್ತಿರುತ್ತದೆ. ಈ ಸಲ ನೀವೇ ನೋಡಿಕೊಳ್ಳಿ' ಎಂದರು. ನೂರು ಸಸಿ ಬರುತ್ತವೆ, ನೂರು ಗುಂಡಿ ಆಗಬೇಕು. ನಾನು ಹುಡುಗರನ್ನು ಕಟ್ಟಿಕೊಂಡು ಶಾಲೆಯ ಹಿಂದಿನ ಬಯಲಿಗೆ ಹೋಗಿ, ಎಲ್ಲೆಲ್ಲಿ ಗುಂಡಿ ತೆಗೆಯಬೇಕೆಂದು ಹೆಜ್ಜೆ ಅಳೆಯತೊಡಗಿದೆ. ಎಸ್ಸೆಸ್ಸೆಲ್ಸಿಯ ಹುಡುಗನೊಬ್ಬ ವಿನಯದಿಂದಲೇ, 'ಸಾರ್, ಗುಂಡಿ ಇದಾವೆ' ಎಂದ.

ನಿಜ, ಇದ್ದವು. ಹೋದ ವರ್ಷದವು, ಅದರ ಹಿಂದಿನ ವರ್ಷದವೂ ಅವೇ. ಅರ್ಧ ಮಣ್ಣು ತುಂಬಿಕೊಂಡಿದ್ದ ಗುಂಡಿಗಳಲ್ಲಿ ಅಲ್ಲೊಂದು ಇಲ್ಲೊಂದು ಒಣಕಡ್ಡಿ. ಕಡ್ಡಿಯನ್ನು ಎಳೆದರೆ ಅದರ ಬುಡದ ಜೊತೆ ಹರಿಯದೆ ಉಳಿದ ಕರಿಯ ಪಾಲಿಥೀನ್ ಚೀಲ.

ಒಂದೇ ಗುಂಡಿಯಲ್ಲಿ ವರ್ಷ ವರ್ಷವೂ ಗಿಡ ನೆಡುವ ತಮಾಷೆ ಎಲ್ಲರೂ ಕೇಳಿರುವಂಥದ್ದೇ. ಆ ಮಾತು ಬಂದಾಗ ಸಾಮಾನ್ಯವಾಗಿ ಯಾರೋ ದುಡ್ಡು ಹೊಡೆದರೆಂದು ನಕ್ಕು ಸುಮ್ಮನಾಗುತ್ತೇವೆ. ಆದರೆ ನಮ್ಮ ಶಾಲೆಯಲ್ಲಿ ಯಾರೂ ಏನನ್ನೂ ಹೊಡೆದಿರಲಿಲ್ಲ. ಸಸಿ ಬಂದದ್ದು ನಿಜ, ನೆಟ್ಟದ್ದು ನಿಜ, ಮಕ್ಕಳು ನೀರು ಹಾಕಿದ್ದೂ ನಿಜ. ಆದರೂ ಗಿಡ ಸಾಯುತ್ತಿತ್ತು. ಯಾಕೆಂದು ತಿಳಿಯಲು ನನಗೆ ಐದು ವರ್ಷ ಬೇಕಾಯಿತು. ಅದರ ಹಿಂದೆ ಒಂದು ಚರಿತ್ರೆಯೇ ಇದೆಯೆಂದು ತಿಳಿಯಲು ಇನ್ನೂ ಬಹಳ ವರ್ಷ ಹಿಡಿಯಿತು.

ನಾನು ಹುಟ್ಟಿದ್ದು ಸಾಗರದ ಕಡೆಯ ಹಳ್ಳಿಯಲ್ಲಿ. ಅಲ್ಲಿ ಗಿಡ ನೆಡುವುದಕ್ಕೆ ಯಾರೂ ತಾರೀಖು ಕೇಳುತ್ತಿರಲಿಲ್ಲ. ಯುಗಾದಿ ಕಳೆದ ಮೇಲೆ ಅಜ್ಜಿ ಆಳಿನ ಕೈಲಿ ಗುಂಡಿ ತೋಡಿಸಿ, ಅದನ್ನು ಬಿಸಿಲಿಗೆ ಬಿಡುತ್ತಿದ್ದಳು. ಒಂದೆರಡು ಅಡ್ಡಮಳೆ ಬಿದ್ದ ಮೇಲೆ ದರಕು, ಗೊಬ್ಬರ, ಮೇಲ್ಮಣ್ಣು ಕಲಸಿ ತುಂಬಿಸುತ್ತಿದ್ದಳು. ಆಮೇಲೆ ಕಾಯುವುದು. ರೋಹಿಣಿಯ ಕೊನೆಗೋ ಮೃಗಶಿರೆಯ ಮೊದಲಿಗೋ ಮಳೆ ನಿಂತು ಸುರಿದು, ಕತ್ತಿಯಿಂದ ಕೆದಕಿದರೆ ಮೊಣಕೈ ಆಳದವರೆಗೆ ಮಣ್ಣು ಒದ್ದೆಯಾಗಿದೆ ಎಂದಾಗ ನೆಡುವ ಕೆಲಸ. ಬೇಲಿಯ ಸಾಲಿಗೆ ಲಕ್ಕಿ, ಆಡುಸೋಗೆಯ ಗೂಟ. ಬೆಟ್ಟದ ಅಂಚಿಗೆ ಉಪ್ಪಗೆ, ಮುರುಗಲು, ಮತ್ತಿ. ಹಲಸಿನ ಬೀಜವನ್ನಂತೂ ಹಣ್ಣು ತಿಂದ ಕೈಯಲ್ಲೇ ಊರುವುದು. ಆರಿದ್ರಾ ಮಳೆ ಹಿಡಿದ ಮೇಲೆ ಅಜ್ಜಿ ಒಂದು ಸಸಿಯನ್ನೂ ನೆಡಗೊಡುತ್ತಿರಲಿಲ್ಲ. ಇನ್ನು ನೆಟ್ಟರೆ ಗಿಡಕ್ಕೆ ಶೀತ ಹಿಡಿಯುತ್ತದೆ ಎನ್ನುವುದು ಅವಳ ವಾದ. ಗಿಡಕ್ಕೆ ಶೀತವೇ ಎಂದು ನಾವು ಮಕ್ಕಳು ನಗುತ್ತಿದ್ದೆವು.

ಅಜ್ಜಿಯ ಮಾತಿನಲ್ಲಿ ನಗುವಂಥದ್ದು ಏನೂ ಇರಲಿಲ್ಲ. ಬೇಸಿಗೆಯ ಬಿಸಿ ಇನ್ನೂ ಆರದ ನೆಲಕ್ಕೆ ಮೊದಲ ಮಳೆ ಬಿದ್ದಾಗ ಬೇರು ಬೆಳೆಯುವಷ್ಟು ಚುರುಕಾಗಿ ಮತ್ತೆ ಯಾವಾಗಲೂ ಬೆಳೆಯುವುದಿಲ್ಲ. ಆಗ ಬೆಚ್ಚಗಿನ ಮಣ್ಣಿದೆ, ತೇವವಿದೆ, ಮಳೆಯ ನಡುವೆ ಬಿಸಿಲೂ ಇದೆ. ಜುಲೈ ಬರುವ ಹೊತ್ತಿಗೆ ಮಲೆನಾಡಿನಲ್ಲಿ ಸೂರ್ಯನ ಮುಖ ಕಾಣುವುದಿಲ್ಲ. ನೆಲ ತಣ್ಣಗಾಗಿ, ಮಣ್ಣಿನ ಸಂದುಗಳಲ್ಲೆಲ್ಲ ನೀರು ನಿಂತು, ಬೇರಿಗೆ ಉಸಿರಾಡಲು ಗಾಳಿಯೇ ಸಿಗುವುದಿಲ್ಲ. ಅಷ್ಟರೊಳಗೆ ಬೇರು ಬಿಟ್ಟ ಗಿಡ ತಡೆದುಕೊಳ್ಳುತ್ತದೆ, ಆಗ ತಾನೇ ನೆಟ್ಟ ಗಿಡ ಕೊಳೆಯುತ್ತದೆ. ಇದಕ್ಕೆ ಅಜ್ಜಿ ಶೀತ ಎಂದಳು, ಅಷ್ಟೆ.

ಇನ್ನೊಂದು ಸಂಗತಿ ಅವಳು ಬಾಯಿಬಿಟ್ಟು ಹೇಳದಿದ್ದರೂ ಅವಳ ಕೈ ತಿಳಿದಿತ್ತು. ನಮ್ಮ ಕಾಡಿನ ಅನೇಕ ಮರಗಳ ಬೀಜಕ್ಕೆ ಕಾಯುವ ತಾಳ್ಮೆಯಿಲ್ಲ. ಹಲಸು, ಮಾವು, ಉಪ್ಪಗೆ, ಧೂಪ, ನೇರಳೆ ಇವುಗಳ ಬೀಜ ಒಣಗಿದರೆ ಸತ್ತಂತೆಯೇ. ಧೂಪದ ಕಾಯಿ ಉದುರುವುದೇ ಮಳೆಗಾಲದ ಮೊದಲಿಗೆ, ಬಿದ್ದಲ್ಲೇ ಮೊಳೆಯುತ್ತದೆ. ಮತ್ತಿ, ಹೊನ್ನೆ, ಸಾಗುವಾನಿಯ ಬಗೆ ಬೇರೆ. ಅವುಗಳ ಕಾಯಿ ಬೇಸಿಗೆಯಲ್ಲಿ ಉದುರಿ, ಬಿಸಿಲು ಬೆಂಕಿಗಳನ್ನು ತಡೆದುಕೊಂಡು ಮಳೆಗಾಗಿ ಕಾದು ಕೂತಿರುತ್ತದೆ. ಎರಡು ಬಗೆಯವೂ ಗುರಿಯಿಟ್ಟಿರುವುದು ಒಂದೇ ಗಳಿಗೆಗೆ, ಮೊದಲ ಮಳೆಗೆ. ಯಾವುದೇ ಊರಿನ ಸ್ಥಳೀಯ ಮರ ಎಂದರೆ ಆ ಊರಿನ ಮಳೆಯನ್ನು ಸಾವಿರಾರು ವರ್ಷಗಳಿಂದ ಓದಿಕೊಂಡು ಬಂದ ಮರ ಎಂದೇ ಅರ್ಥ.

ಹೀಗಿರುವಾಗ ಜುಲೈ ಮೊದಲ ವಾರ ಎಲ್ಲಿಂದ ಬಂತು?

ಬಂದದ್ದು 1950ರಲ್ಲಿ. ಆಗ ಕೇಂದ್ರದಲ್ಲಿ ಆಹಾರ ಮತ್ತು ಕೃಷಿ ಸಚಿವರಾಗಿದ್ದ ಕೆ. ಎಂ. ಮುನ್ಶಿಯವರು ವನಮಹೋತ್ಸವವನ್ನು ರಾಷ್ಟ್ರೀಯ ಹಬ್ಬವಾಗಿ ಆರಂಭಿಸಿದರು. ಅವರು ಗುಜರಾತಿಯ ಹೆಸರಾಂತ ಕಾದಂಬರಿಕಾರರೂ ಹೌದು. ಹಬ್ಬದ ಹೆಸರಿನಲ್ಲಿ ಕರೆದರೆ ಜನ ಬರುತ್ತಾರೆಂಬುದನ್ನು ಬಲ್ಲವರು. ದೇಶದಲ್ಲಿ ಅನ್ನಕ್ಕೆ ಬರ ಇದ್ದ ಕಾಲ ಅದು. ಮರವಿದ್ದರೆ ನೀರು, ನೀರಿದ್ದರೆ ಅನ್ನ ಎಂಬುದು ಅವರ ತರ್ಕ. ಅದರಲ್ಲಿ ತಪ್ಪು ಹುಡುಕಲು ಸಾಧ್ಯವಿಲ್ಲ. 1952ರ ರಾಷ್ಟ್ರೀಯ ಅರಣ್ಯ ನೀತಿ ದೇಶದ ಮೂರನೇ ಒಂದು ಭಾಗ ನೆಲ ಕಾಡಾಗಿರಬೇಕೆಂದು ಹೇಳಿದ್ದೂ ಇದೇ ಉತ್ಸಾಹದ ಗಾಳಿಯಲ್ಲಿ.

ಇಡೀ ದೇಶಕ್ಕೆ ಒಂದು ವಾರವನ್ನು ಆರಿಸಬೇಕಾದರೆ ಜುಲೈ ಮೊದಲ ವಾರ ಕೆಟ್ಟ ಆಯ್ಕೆಯೂ ಅಲ್ಲ. ನೈಋತ್ಯ ಮಾರುತ ಕೇರಳ ಮುಟ್ಟುವುದು ಜೂನ್ 1ರ ಸುಮಾರಿಗೆ. ಅದು ವಾಯವ್ಯದ ತುದಿ ತಲುಪಿ ದೇಶವನ್ನೆಲ್ಲ ಆವರಿಸುವ ವಾಡಿಕೆಯ ದಿನ ಜುಲೈ 15 ಎಂದು ಹವಾಮಾನ ಇಲಾಖೆ ಬಹುಕಾಲ ಇಟ್ಟುಕೊಂಡಿತ್ತು. 2020ರಲ್ಲಿ ಅದನ್ನು ಜುಲೈ 8ಕ್ಕೆ ತಂದಿತು. ಹಾಗಾಗಿ ದಿಲ್ಲಿಯಲ್ಲಿ ಕೂತು ನೋಡುವವರಿಗೆ ಜುಲೈ ಮೊದಲ ವಾರವೇ ಮಳೆಗಾಲದ ಬಾಗಿಲು. ಆದರೆ ಅಷ್ಟು ಹೊತ್ತಿಗೆ ಸಾಗರದಲ್ಲಿ ಮಳೆ ಒಂದು ತಿಂಗಳು ಸುರಿದಿರುತ್ತದೆ, ಚಳ್ಳಕೆರೆಯಲ್ಲಿ ನೆಟ್ಟಗೆ ಶುರುವೇ ಆಗಿರುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ. ಅಲ್ಲಿಂದ ನೇರ ಗೆರೆ ಎಳೆದರೆ ಇನ್ನೂರು ಕಿಲೋಮೀಟರಿನೊಳಗಿರುವ ಚಳ್ಳಕೆರೆಯಲ್ಲಿ 500ರ ಆಸುಪಾಸು, ಅದರಲ್ಲೂ ದೊಡ್ಡ ಪಾಲು ಸೆಪ್ಟೆಂಬರ್ ಅಕ್ಟೋಬರ್ ತಿಂಗಳದ್ದು. ಎರಡೂ ಊರಿಗೆ ಒಂದೇ ಸುತ್ತೋಲೆ.

ಮರ ನೆಡುವುದಕ್ಕೆಂದೇ ಒಂದು ದಿನವನ್ನು ಗೊತ್ತುಮಾಡುವ ಪದ್ಧತಿ ಅಮೆರಿಕೆಯಲ್ಲಿ ಇನ್ನೂ ಹಳೆಯದು. 1872ರಲ್ಲಿ ನೆಬ್ರಾಸ್ಕ ಎಂಬ ಬಯಲು ಪ್ರಾಂತದಲ್ಲಿ ಅದು ಮೊದಲಾಯಿತು. ಆ ದೇಶದವರು ಒಂದು ವಿವೇಕ ಉಳಿಸಿಕೊಂಡರು. ರಾಷ್ಟ್ರಕ್ಕೆಲ್ಲ ಏಪ್ರಿಲ್ ಕೊನೆಯ ಶುಕ್ರವಾರವೆಂದು ಇಟ್ಟರೂ, ರಾಜ್ಯಗಳು ತಮ್ಮ ಹವೆಗೆ ತಕ್ಕಂತೆ ತಮ್ಮದೇ ದಿನ ಇಟ್ಟುಕೊಂಡಿವೆ. ಫ್ಲಾರಿಡದಲ್ಲಿ ಅದು ಜನವರಿ, ಹವಾಯಿಯಲ್ಲಿ ನವೆಂಬರ್. ನಮ್ಮಲ್ಲಿ ಹಬ್ಬ ಬಂತು, ಈ ಸಡಿಲ ಬರಲಿಲ್ಲ.

ಹಾಗಂತ ಹಿಂದಿನವರು ಗಿಡ ನೆಡುವ ಕಾಲದ ಬಗ್ಗೆ ಯೋಚಿಸಿರಲಿಲ್ಲವೆಂದಲ್ಲ. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವೃಕ್ಷಾಯುರ್ವೇದಕ್ಕೆ ಒಂದು ಅಧ್ಯಾಯವೇ ಮೀಸಲು. ಇನ್ನೂ ಕೊಂಬೆಯೊಡೆಯದ ಸಸಿಯನ್ನು ಶಿಶಿರದಲ್ಲಿಯೂ ಕೊಂಬೆ ಬಂದದ್ದನ್ನು ಹೇಮಂತದಲ್ಲಿಯೂ ದೊಡ್ಡ ಬೊಡ್ಡೆಯದನ್ನು ಮಳೆಗಾಲದ ಮೊದಲಿಗೂ ಕಿತ್ತು ನೆಡಬೇಕೆಂದು ಅವನು ವಿಂಗಡಿಸುತ್ತಾನೆ. ಬೇಸಿಗೆಯಲ್ಲಿ ಎರಡು ಹೊತ್ತು, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲ ಒಣಗಿದಾಗ ಮಾತ್ರ ನೀರು ಎಂಬ ಲೆಕ್ಕವೂ ಅಲ್ಲಿದೆ. ಕನ್ನಡದಲ್ಲಿ ಹನ್ನೊಂದನೆಯ ಶತಮಾನದ ಚಾವುಂಡರಾಯನ ಲೋಕೋಪಕಾರವೂ ವೃಕ್ಷಾಯುರ್ವೇದದ ಮಾತಾಡುತ್ತದೆ. ಇವೆಲ್ಲ ನೀರಿನ ಆಸರೆಯಿದ್ದ ತೋಟಗಳಿಗೆ ಹೇಳಿದ ಮಾತು ಎಂಬುದನ್ನು ಮಾತ್ರ ಮರೆಯಬಾರದು. ಪಕ್ಕದಲ್ಲಿ ಬಾವಿಯಿದ್ದರೆ ಶಿಶಿರದಲ್ಲೂ ನೆಡಬಹುದು. ಮಳೆಯೊಂದನ್ನೇ ನಂಬಿದವನ ಶಾಸ್ತ್ರ ಬೇರೆ.

ಆ ಬೇರೆ ಶಾಸ್ತ್ರವೇ ರೈತರ ಮಳೆನಕ್ಷತ್ರ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು ಹದಿನಾಲ್ಕು ದಿನ ಇರುತ್ತಾನೆ. ಆ ಅವಧಿಗೆ ಆ ನಕ್ಷತ್ರದ ಮಳೆಯೆಂದು ಹೆಸರು. ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ ಎನ್ನುವುದೂ, ಮಘೆ ಮಳೆ ಬಂದಷ್ಟೂ ಒಳ್ಳೇದು ಮನೆ ಮಗ ಉಂಡಷ್ಟೂ ಒಳ್ಳೇದು ಎನ್ನುವುದೂ ಈ ಪಂಚಾಂಗದ ಮಾತುಗಳೇ. ಇದನ್ನು ಅನಾದಿಯಿಂದ ಕದಲದೆ ಬಂದದ್ದೆಂದು ನಂಬಿದವರಿದ್ದಾರೆ. ನಾನೂ ನಂಬಿದ್ದೆ. ಆದರೆ ವರಾಹಮಿಹಿರನೇ ಒಂದು ಕುತೂಹಲದ ಮಾತು ಹೇಳಿದ್ದಾನೆ: ಹಿಂದೊಮ್ಮೆ ಸೂರ್ಯ ದಕ್ಷಿಣಕ್ಕೆ ತಿರುಗುತ್ತಿದ್ದುದು ಆಶ್ಲೇಷೆಯ ನಡುವೆ, ತನ್ನ ಕಾಲದಲ್ಲಿ ತಿರುಗುವುದು ಪುನರ್ವಸುವಿನಲ್ಲಿ ಎಂದು. ಈಗ ಜೂನ್ 21ರ ಸುಮಾರಿಗೆ ಸೂರ್ಯ ತಿರುಗುವಾಗ ಅವನು ಆರಿದ್ರೆಯ ಹೊಸ್ತಿಲಲ್ಲಿರುತ್ತಾನೆ. ಭೂಮಿಯ ಅಕ್ಷದ ನಿಧಾನದ ಹೊರಳಾಟದಿಂದ ನಕ್ಷತ್ರದ ಲೆಕ್ಕ ಸುಮಾರು ಎಪ್ಪತ್ತೆರಡು ವರ್ಷಕ್ಕೆ ಒಂದು ದಿನ ಋತುವಿನಿಂದ ಸರಿಯುತ್ತದೆ. ವರಾಹಮಿಹಿರನಿಂದ ಈಚೆಗೆ ಇಪ್ಪತ್ತು ದಿನಕ್ಕೂ ಹೆಚ್ಚು ಸರಿದಿದೆ. ಅಂದರೆ ಅವನ ಕಾಲದ ರೋಹಿಣಿಯಲ್ಲಿ ಬರುತ್ತಿದ್ದುದು ನಮ್ಮ ರೋಹಿಣಿಯ ಮಳೆಯಲ್ಲ. ಆದರೂ ರೈತರು ಬಿತ್ತನೆ ತಪ್ಪಿಸಲಿಲ್ಲ. ಯಾಕೆಂದರೆ ಅವರು ಹೆಸರನ್ನು ಇಟ್ಟುಕೊಂಡು, ಕಣ್ಣನ್ನು ನೆಲದ ಮೇಲೆ ಇಟ್ಟಿದ್ದರು. ತಲೆಮಾರಿನಿಂದ ತಲೆಮಾರಿಗೆ ಗಾದೆಯನ್ನು ಅನುಭವದಿಂದ ತಿದ್ದಿಕೊಂಡಿರಲೇಬೇಕು. ಪಂಚಾಂಗವೂ ಜರುಗುತ್ತದೆ ಎಂದ ಮೇಲೆ ಸುತ್ತೋಲೆ ಯಾಕೆ ಜರುಗಬಾರದು?

ಕಾಡು ಬೆಳೆಸುವುದನ್ನು ಲೆಕ್ಕ ಪುಸ್ತಕದ ಕೆಲಸವಾಗಿ ಮಾಡಿದ ಇಂಗ್ಲಿಷರೂ ಈ ಪಾಠವನ್ನು ಪೆಟ್ಟು ತಿಂದೇ ಕಲಿತರು. ಮಲಬಾರಿನ ಕಲೆಕ್ಟರನಾಗಿದ್ದ ಕೊನೊಲಿ 1840ರ ದಶಕದ ಮೊದಲಲ್ಲಿ ನೀಲಂಬೂರಿನಲ್ಲಿ ಸಾಗುವಾನಿ ತೋಪು ಎಬ್ಬಿಸಲು ಹೊರಟ. ಹಡಗಿಗೆ ಮರ ಬೇಕಾಗಿತ್ತು. ಮೊದಮೊದಲು ಬೀಜವೇ ಮೊಳೆಯಲಿಲ್ಲ. ಸಾಗುವಾನಿಯ ಗಟ್ಟಿ ಕಾಯಿ ಬಿಸಿಲು ನೀರುಗಳನ್ನು ಸರದಿಯಲ್ಲಿ ಉಂಡು ಬಿರಿಯಬೇಕು. ಅದರ ಗುಟ್ಟು ಹಿಡಿಯುವ ತನಕ ಸೋಲು. ಕೊನೆಗೆ ಆ ಕೆಲಸವನ್ನು ಕೈಗೂಡಿಸಿದವರು ಆ ನೆಲದವರೇ ಆದ ಚಾತು ಮೆನೋನ್. ಮುಂದೆ ಇಪ್ಪತ್ತನೆಯ ಶತಮಾನದಲ್ಲಿ ಅಲ್ಲಿನ ಅರಣ್ಯಾಧಿಕಾರಿಗಳು ಇನ್ನೊಂದನ್ನು ಕಂಡುಕೊಂಡರು. ವರ್ಷದ ಸಸಿಯನ್ನು ಕಿತ್ತು, ಮೇಲೆ ಕೆಳಗೆ ಕತ್ತರಿಸಿ, ಹೆಬ್ಬೆರಳು ಗಾತ್ರದ ಬೇರಿನ ತುಂಡನ್ನು ಮಾತ್ರ ಉಳಿಸಿಕೊಂಡು, ಮುಂಗಾರಿಗಿಂತ ಮೊದಲಿನ ಬೇಸಿಗೆಮಳೆಗೇ ಊರಿದರೆ ಅದು ಮಳೆಗಾಲದಲ್ಲಿ ನೆಟ್ಟ ಸಸಿಯನ್ನು ಹಿಂದೆ ಹಾಕುತ್ತದೆ. ನಮ್ಮ ಅಜ್ಜಿ ಗೂಟ ಊರುತ್ತಿದ್ದ ಕಾಲವೂ ಹೆಚ್ಚುಕಡಿಮೆ ಅದೇ. ಮೈಸೂರು ಸಂಸ್ಥಾನದಲ್ಲಿ ಅರಣ್ಯ ಇಲಾಖೆ ಶುರುವಾದದ್ದು 1864ರಲ್ಲಿ. ಅಂದಿನಿಂದ ಇಲಾಖೆಯ ಒಳ್ಳೆಯ ರೇಂಜರುಗಳು, ಅವರಿಗಿಂತ ಹೆಚ್ಚಾಗಿ ಅವರ ಕೈಕೆಳಗಿನ ಗಾರ್ಡು ವಾಚರುಗಳು, ಈ ಸಂಗತಿಗಳನ್ನೆಲ್ಲ ಬಲ್ಲವರಾಗಿದ್ದರು. ಬಲ್ಲವರ ತಿಳಿವಳಿಕೆ ಕಾಡಿನೊಳಗೇ ಉಳಿಯಿತು. ಹಬ್ಬದ ತಾರೀಖು ಊರಿಗೆ ಬಂತು.

ಮತ್ತೆ ಶಾಲೆಗೆ ಬರುತ್ತೇನೆ. ಆ ಸೀಮೆಯಲ್ಲಿ ಜುಲೈ ಮೊದಲ ವಾರ ಸಾಮಾನ್ಯವಾಗಿ ಆಷಾಢಕ್ಕೆ ಬೀಳುತ್ತದೆ. ಆಷಾಢದ ಗಾಳಿಯೆಂದರೆ ಮಲೆನಾಡಿನವನಾದ ನನಗೆ ಅರ್ಥವೇ ಆಗಿರಲಿಲ್ಲ. ಸಹ್ಯಾದ್ರಿಯ ಮೇಲೆ ಮಳೆಯನ್ನೆಲ್ಲ ಸುರಿಸಿ ಬರಿಗೈಯಾದ ಪಡುವಣ ಗಾಳಿ ಬಯಲುಸೀಮೆಗೆ ಬಂದು ಹಗಲೂ ರಾತ್ರಿ ಬೀಸುತ್ತದೆ. ಮೋಡ ತಲೆಯ ಮೇಲೆ ಓಡುತ್ತಿರುತ್ತದೆ, ಹನಿ ಬೀಳುವುದಿಲ್ಲ. ಒಗೆದು ಹಾಕಿದ ಪಂಚೆ ಗಳಿಗೆಯಲ್ಲಿ ಒಣಗುತ್ತದೆ. ಪಂಚೆಗೆ ಆದದ್ದೇ ಎಳೆಯ ಸಸಿಯ ಎಲೆಗೂ ಆಗುತ್ತದೆ. ಬೇರು ಇನ್ನೂ ಚೀಲದ ಮಣ್ಣನ್ನು ದಾಟಿರುವುದಿಲ್ಲ, ಎಲೆ ಕಳೆದುಕೊಳ್ಳುವಷ್ಟು ನೀರನ್ನು ಅದು ಎಳೆದುಕೊಡಲಾರದು. ಅತ್ತಿತ್ತ ಹೊಯ್ದಾಡುವ ಕಾಂಡ ಬುಡದ ಮಣ್ಣನ್ನು ಸಡಿಲಿಸಿ ಬೇರನ್ನು ಅಲ್ಲಾಡಿಸುತ್ತದೆ. ಹದಿನೈದು ದಿನ ಸಾಕು.

ನಾನು ಮಾಡಿದ ಉಪಾಯವೆಂದರೆ ಒಬ್ಬೊಬ್ಬ ವಿದ್ಯಾರ್ಥಿಗೆ ಎರಡೆರಡು ಗಿಡ ವಹಿಸಿಕೊಟ್ಟು, ದಿನಕ್ಕೊಂದು ತಂಬಿಗೆ ನೀರು ಹಾಕಬೇಕೆಂದು ಕಟ್ಟುಮಾಡಿದ್ದು. ಚೆನ್ನಾಗಿ ಬೆಳೆಸಿದವರಿಗೆ ಆಗಸ್ಟ್ 15ರಂದು ಬಹುಮಾನ ಎಂದೂ ಹೇಳಿದೆ. ನಾಲ್ಕು ವರ್ಷ ಹೀಗೆಯೇ ನಡೆಯಿತು, ಬಹುಮಾನ ಕೊಡುವ ಪ್ರಸಂಗ ಬರಲಿಲ್ಲ. 1984ರ ಜುಲೈಯಲ್ಲಿ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ತಾಯಿ ಶಾಲೆಗೆ ಬಂದರು. ಕೂಲಿಗೆ ಹೋಗುವ ಹೆಂಗಸು. ಊರಿನ ಸೇದುವ ಬಾವಿ ಬತ್ತಿ, ನೀರಿಗೆ ಒಂದು ಮೈಲಿ ಹೋಗಬೇಕಾಗಿದ್ದ ದಿನಗಳು. ಮಗಳು ಮನೆಗೆ ತಂದ ಕೊಡದಿಂದ ದಿನಾ ಎರಡು ತಂಬಿಗೆ ಬಗ್ಗಿಸಿಕೊಂಡು ಬರುತ್ತಿದ್ದಳಂತೆ; ಅದಕ್ಕಾಗಿ ಮನೆಯಲ್ಲಿ ಏಟೂ ತಿಂದಿದ್ದಳಂತೆ. ಆಕೆ ಸಿಟ್ಟಿನಿಂದ ಮಾತಾಡಲಿಲ್ಲ. 'ಬದುಕಂಗಿದ್ರೆ ನಾನೇನು ಬ್ಯಾಡ ಅಂಬಲ್ಲ ಮೇಷ್ಟ್ರೇ. ಸಾಯೋ ಗಿಡಕ್ಕೆ ಯಾಕೆ ನನ್ನ ಮಗಳ ಕೈಲಿ ನೀರು ಹೊರಸ್ತೀರಿ?' ಎಂದಷ್ಟೇ ಕೇಳಿ, ಉತ್ತರಕ್ಕೆ ಕಾಯದೆ ಕೂಲಿಗೆ ಹೊರಟುಹೋದರು.

ನನ್ನಲ್ಲಿ ಉತ್ತರವಿರಲೂ ಇಲ್ಲ. ಪರಿಸರದ ಬಗ್ಗೆ ಪ್ರಬಂಧ ಬರೆಸುತ್ತಿದ್ದ ನನಗೆ ಆ ನೀರಿನ ಬೆಲೆ ಹೊಳೆದಿರಲಿಲ್ಲ. ಅಕಾಲದಲ್ಲಿ ಗಿಡ ನೆಡುವುದೆಂದರೆ ಬರೀ ಗಿಡವನ್ನಲ್ಲ, ಯಾರದೋ ಮನೆಯ ನೀರನ್ನೂ ಮಗುವಿನ ನಂಬಿಕೆಯನ್ನೂ ಮಣ್ಣುಪಾಲು ಮಾಡುವುದು. ನಾಲ್ಕು ವರ್ಷ ಸತತ ಸತ್ತ ಗಿಡ ನೋಡಿದ ಮಕ್ಕಳು, ಗಿಡ ಇರುವುದೇ ಸಾಯುವುದಕ್ಕೆ ಎಂದು ಕಲಿತಿದ್ದರೆ ಅದನ್ನು ಕಲಿಸಿದವನು ನಾನೇ.

ಶಾಲೆಯ ಬಯಲಿನಲ್ಲಿ ಕುರಿ ಬಿಡುತ್ತಿದ್ದ ಒಬ್ಬ ಅಜ್ಜ ಇದ್ದರು. ನಮ್ಮ ಸಸಿಗಳನ್ನು ಕುರಿ ತಿನ್ನುತ್ತದೆಂದು ನಾನು ಅವರ ಮೇಲೆ ಎಷ್ಟೋ ಸಲ ಹರಿಹಾಯ್ದಿದ್ದೆ. ಆ ಸಂಜೆ ಬೇಜಾರಿನಲ್ಲಿ ಅವರ ಹತ್ತಿರವೇ ಹೋಗಿ ಕೂತೆ. 'ಗಾಳಿ ನಿಂತ ಮ್ಯಾಲೆ ಇಕ್ಕಬೇಕು ಮೇಷ್ಟ್ರೇ. ಹುಬ್ಬೆ ಮಳೆ ತಿರುಗಿದಾಗ ಇಕ್ಕಿದ್ರೆ ಬೇರು ನೆಲ ಕಚ್ಚುತೈತೆ. ಅದೂ ಬಟಾಬಯಲಾಗೆ ಇಕ್ಕಬ್ಯಾಡಿ, ಕಾರೆಗಿಡದ ಮಗ್ಗುಲಾಗೆ ಇಕ್ಕಿ' ಎಂದರು. ಕಾರೆಮುಳ್ಳಿನ ಮಗ್ಗುಲಲ್ಲಿ ಯಾಕೆ ಎಂದೆ. ಅವರು ಎದ್ದು ಕರೆದೊಯ್ದು ತೋರಿಸಿದರು. ಆ ಬಯಲಿನಲ್ಲಿ ತಾನಾಗಿ ಹುಟ್ಟಿ ಬದುಕಿದ್ದ ಬೇವಿನ ಗಿಡಗಳೆಲ್ಲ ಇದ್ದದ್ದು ಯಾವುದಾದರೂ ಪೊದೆಯ ಹೊಟ್ಟೆಯಲ್ಲೇ. ಕಾರೆ, ಎಲಚಿ, ಕವಳೆ, ಕಳ್ಳಿ. ಹಕ್ಕಿ ಹಣ್ಣು ತಿಂದು ಪೊದೆಯ ಮೇಲೆ ಕೂತು ಬೀಜ ಉದುರಿಸುತ್ತದೆ. ಪೊದೆ ಅದಕ್ಕೆ ನೆರಳು ಕೊಟ್ಟು, ಗಾಳಿ ತಡೆದು, ಕುರಿಯ ಬಾಯಿಂದ ಕಾಪಾಡುತ್ತದೆ. ಬೇವಿನ ಬೀಜವೂ ಕೆಲವೇ ವಾರ ಜೀವ ಹಿಡಿಯುವ ಜಾತಿಯದು. ಆಷಾಢ ಶ್ರಾವಣದಲ್ಲಿ ಉದುರಿ, ಪೊದೆಯ ಮರೆಯಲ್ಲಿ ಮೊಳೆತು, ಹಿಂಗಾರಿಗೆ ಬೇರು ಇಳಿಸುತ್ತದೆ. ನಾವು ಮಾಡುತ್ತಿದ್ದುದೇನು? ಗುಂಡಿ ತೆಗೆಯುವ ಮೊದಲು 'ಮುಳ್ಳು ಸವರಿ ಬಯಲು ಸ್ವಚ್ಛ ಮಾಡುವುದು'.

ಸಸಿಗಳನ್ನು ಸೆಪ್ಟೆಂಬರಿನಲ್ಲಿ ನೆಡಲು ಅನುಮತಿ ಕೊಡಿ ಎಂದು ಮುಂದಿನ ವರ್ಷ ಮೇಲಿನ ಕಚೇರಿಗೆ ಬರೆದೆ. ಜುಲೈ 7ರೊಳಗೆ ವರದಿ ತಲುಪಬೇಕೆಂಬ ಸುತ್ತೋಲೆಯ ಪ್ರತಿಯೇ ಉತ್ತರವಾಗಿ ಬಂತು. ಆಗ ನಾನು ಮಾಡಿದ್ದನ್ನು ಇಷ್ಟು ವರ್ಷದ ಮೇಲೆ ಹೇಳಿಕೊಳ್ಳಬಹುದು. ಹತ್ತು ಸಸಿ ನೆಡಿಸಿ, ಫೋಟೋ ತೆಗೆಸಿ, ನೂರು ನೆಡಲಾಗಿದೆಯೆಂದು ವರದಿ ಕಳಿಸಿದೆ. ಸಹಿ ನನ್ನದೇ. ಉಳಿದ ತೊಂಬತ್ತನ್ನು ಶಾಲೆಯ ಹೊಂಗೆ ಮರದ ನೆರಳಿನಲ್ಲಿ ಒತ್ತಾಗಿ ಜೋಡಿಸಿಟ್ಟೆವು. ಒಂದೆಡೆ ನೆರಳಿನಲ್ಲಿಟ್ಟ ಸಸಿಗೆ ನೀರು ಎಷ್ಟು ಕಡಿಮೆ ಸಾಕೆಂದರೆ, ಬಯಲಿನಲ್ಲಿ ಗಿಡಕ್ಕೊಂದು ತಂಬಿಗೆ ಕುಡಿಯುತ್ತಿದ್ದುದರ ಜಾಗದಲ್ಲಿ ಇಲ್ಲಿ ಎರಡು ಕೊಡದಲ್ಲಿ ತೊಂಬತ್ತೂ ಬದುಕಿದವು. ಮಕ್ಕಳ ಮನೆಯ ನೀರು ಬೇಕಾಗಲಿಲ್ಲ. ಕೈತೊಳೆದ ನೀರೇ ಸಾಕಾಯಿತು. ಸೆಪ್ಟೆಂಬರಿನಲ್ಲಿ ಗಾಳಿ ಅಡಗಿ, ಹುಬ್ಬೆ ಮಳೆ ಎರಡು ರಾತ್ರಿ ಬಂದ ಮೇಲೆ, ಚೀಲ ಹರಿದು, ಸುತ್ತಿಕೊಂಡ ಬೇರು ಬಿಡಿಸಿ, ಪೊದೆಗಳ ಪೂರ್ವದ ಮಗ್ಗುಲಿಗೆ ನೆಟ್ಟೆವು. ಪೊದೆಯಿಲ್ಲದ ಕಡೆ ತಂಗಡಿ, ಬಂದರೆಯ ಬೀಜ ಎರಚಿದೆವು. ಬುಡಕ್ಕೆ ಕಲ್ಲು ಜೋಡಿಸಿದೆವು. ಹಿಂಗಾರು ಹೆಚ್ಚೇನೂ ಬರಲಿಲ್ಲ. ಆದರೆ ಅದರ ಹಿಂದೆಯೇ ಚಳಿಗಾಲ ಬರುವುದರಿಂದ ನೆಲದ ತೇವ ಬೇಗ ಆರುವುದಿಲ್ಲ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಕೊಡಬೇಕಾಯಿತು, ಅದು ತಪ್ಪಲಿಲ್ಲ. ಮುಂದಿನ ಜೂನಿಗೆ ಎಣಿಸಿದರೆ ಮೂವತ್ತೊಂದು ಬದುಕಿದ್ದವು. ತೊಂಬತ್ತರಲ್ಲಿ ಮೂವತ್ತೊಂದು ದೊಡ್ಡ ಮಾತಲ್ಲ. ಹಿಂದಿನ ನಾಲ್ಕು ವರ್ಷಗಳಲ್ಲಿ ನಾನೂರರಲ್ಲಿ ಉಳಿದದ್ದು ಎರಡು.

ಆ ಮೂವತ್ತೊಂದರಲ್ಲಿ ನಾಲ್ಕು ಕಮರದ ಗಿಡಗಳಿದ್ದವು. ಚಿತ್ರದುರ್ಗ ಸೀಮೆಯ ಗುಡ್ಡಗಳ ಸ್ವಂತ ಮರ ಅದು. ವರ್ಷ ವರ್ಷವೂ ಬೇಸಿಗೆಯಲ್ಲಿ ಒಣಗಿ ಕಡ್ಡಿಯಾಗುತ್ತಿತ್ತು, ಮಳೆ ಬಂದಾಗ ಬುಡದಿಂದ ಎರಡು ಎಲೆ. ಸತ್ತಿತೆಂದು ಎರಡನ್ನು ನಾನೇ ಕಿತ್ತೆ. ಅದು ಮೊದಲ ಕೆಲವು ವರ್ಷ ಮೇಲೆ ಬೆಳೆಯದೆ ತಾಯಿಬೇರನ್ನು ಆಳಕ್ಕೆ ಇಳಿಸುವ 'ಕಳ್ಳ'ನೆಂದು ತಿಳಿದದ್ದು ಆಮೇಲೆ. ಫೋಟೋ ತೆಗೆಯುವವರಿಗೆ ಇಂಥ ಮರ ಆಗಿಬರುವುದಿಲ್ಲ. 1983ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಸಾಮಾಜಿಕ ಅರಣ್ಯ ಯೋಜನೆ ಕರ್ನಾಟಕಕ್ಕೆ ಬಂದಾಗ ಎಲ್ಲೆಲ್ಲೂ ನೀಲಗಿರಿಯೇ ತುಂಬಿತು. ಅದಕ್ಕೆ ಕಾಗದದ ಕಾರ್ಖಾನೆಗಳ ಹಸಿವು ಒಂದು ಕಾರಣವಾದರೆ, ದನ ಕುರಿ ಮುಟ್ಟದ, ಯಾವಾಗ ನೆಟ್ಟರೂ ಹೇಗೋ ಬದುಕಿ ಬೇಗ ಎತ್ತರ ತೋರಿಸುವ ಅದರ ಗುಣ ಇನ್ನೊಂದು. ಸುತ್ತೋಲೆಗೆ ತಕ್ಕ ಮರ ಅದು. 1987ರ ನವೆಂಬರ್ 14ರಂದು ಈಗಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ರೈತರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಗಿಡಗಳನ್ನು ಹಚ್ಚಿದರು. 'ಕಿತ್ತಿಕೋ ಹಚ್ಚಿಕೋ' ಎಂದೇ ಆ ಸತ್ಯಾಗ್ರಹದ ಹೆಸರು. 2017ರಲ್ಲಿ ಸರ್ಕಾರವೇ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿತು. ಅದು ಹೀರಿದ ನೀರಿನ ಮಾತನ್ನು ಎಲ್ಲರೂ ಆಡಿದರು. ಸ್ಥಳೀಯ ಮರಗಳನ್ನು ಅವುಗಳ ಕಾಲಕ್ಕೆ ನೆಡುವ ತಾಳ್ಮೆ ನಮಗಿದ್ದಿದ್ದರೆ ನೀಲಗಿರಿಗೆ ಅಷ್ಟು ಜಾಗ ಸಿಗುತ್ತಿತ್ತೇ ಎಂದು ಕೇಳಿದವರು ಕಡಿಮೆ.

ಈ ತಾಳ್ಮೆಯನ್ನು ಬದುಕಿ ತೋರಿಸಿದ ಇಬ್ಬರನ್ನು ನಾಡು ಈಚೆಗೆ ಕಳೆದುಕೊಂಡಿತು. ಮಾಗಡಿ ಸೀಮೆಯ ಹುಲಿಕಲ್ಲಿನ ತಿಮ್ಮಕ್ಕ ಮತ್ತು ಅವರ ಗಂಡ ಚಿಕ್ಕಯ್ಯ ಕುದೂರಿನ ದಾರಿಯಲ್ಲಿ ಆಲದ ಸಾಲು ಎಬ್ಬಿಸಿದ್ದು ಯಾವ ಸಪ್ತಾಹದ ಕರೆಯಿಂದಲೂ ಅಲ್ಲ. ಮೊದಲ ವರ್ಷ ಹತ್ತು, ಆಮೇಲೆ ಹದಿನೈದು, ಇಪ್ಪತ್ತು. ತಮ್ಮ ಭುಜ ಹೊರಬಲ್ಲ ಕೊಡಗಳ ಲೆಕ್ಕಕ್ಕೆ ಸರಿಯಾಗಿ. ನೆಡುವುದು ಮಳೆಗಾಲದಲ್ಲಿ, ಮುಳ್ಳು ಕಟ್ಟಿ ಕಾಯುವುದು ವರ್ಷವೆಲ್ಲ, ನೀರು ಹೊರುವುದು ಬೇಸಿಗೆಯಲ್ಲಿ. ತಿಮ್ಮಕ್ಕ ತೀರಿಕೊಂಡದ್ದು 2025ರ ನವೆಂಬರ್ 14ರಂದು. ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ಕೂಲಿಯಾಗಿ ದುಡಿದವರು. ಯಾವ ಮರದ ಬೀಜ ಯಾವಾಗ ಬಲಿಯುತ್ತದೆ, ಬೀಜಕ್ಕೆ ಯಾವ ತಾಯಿಮರವನ್ನು ಆರಿಸಬೇಕು, ಯಾವುದನ್ನು ಕೂಡಲೇ ಹಾಕಬೇಕು ಎಂಬುದೆಲ್ಲ ಅವರ ಬೆರಳ ತುದಿಯಲ್ಲಿತ್ತು. ಅವರು 2024ರ ಡಿಸೆಂಬರ್ 16ರಂದು ಹೋದರು. ಇಬ್ಬರಿಗೂ ಪದ್ಮಶ್ರೀ ಬಂತು. ಅವರ ಪಂಚಾಂಗವನ್ನು ಯಾರಾದರೂ ಪೂರ್ತಿಯಾಗಿ ಬರೆದಿಟ್ಟುಕೊಂಡಿದ್ದರೆ ಅದು ಪ್ರಶಸ್ತಿಗಿಂತ ದೊಡ್ಡ ಗೌರವವಾಗುತ್ತಿತ್ತು.

ಈಗ ನಾನು ನಿವೃತ್ತನಾಗಿ ಊರಿಗೆ ಮರಳಿದ್ದೇನೆ. ಅಜ್ಜಿಯ ಗುಂಡಿ, ಅಜ್ಜಿಯ ರೋಹಿಣಿ ಎಂದು ಹೊರಟರೆ ಅದೂ ಕೈಕೊಡುತ್ತದೆ. 2023ರಲ್ಲಿ ಮುಂಗಾರು ಕೇರಳ ಮುಟ್ಟಿದ್ದೇ ಜೂನ್ 8ಕ್ಕೆ. ಆ ಜೂನಿನಲ್ಲಿ ನಮ್ಮ ಕಡೆ ನೆಲ ನೆನೆಯಲೇ ಇಲ್ಲ. 2025ರಲ್ಲಿ ಮೇ 24ಕ್ಕೇ ಬಂದುಬಿಟ್ಟಿತು, ನಮ್ಮ ಗುಂಡಿ ತುಂಬುವ ಮೊದಲೇ. ಎರಡು ವರ್ಷದ ನಡುವೆ ಹದಿನೈದು ದಿನದ ಅಂತರ. ಇನ್ನು ಯಾವ ನಕ್ಷತ್ರವನ್ನು ನಂಬುವುದು ಎಂದು ನೆರೆಮನೆಯ ಹುಡುಗ ಕೇಳುತ್ತಾನೆ. ನಕ್ಷತ್ರವನ್ನು ನಂಬುವುದು ಬೇಡ, ಕತ್ತಿಯನ್ನು ನಂಬು ಎನ್ನುತ್ತೇನೆ. ಗುಂಡಿ ಚೈತ್ರದಲ್ಲೇ ಆಗಿರಲಿ, ಸಸಿ ನೆರಳಿನಲ್ಲಿ ಸಿದ್ಧವಾಗಿರಲಿ. ಮಲೆನಾಡಾದರೆ ಮೊದಲ ಹದಮಳೆಗೆ ಮೊಣಕೈ ಆಳ ಒದ್ದೆಯಾದ ದಿನ ನೆಡು, ಜಡಿಮಳೆ ಹಿಡಿದ ಮೇಲೆ ನಿಲ್ಲಿಸು. ಬಯಲುಸೀಮೆಯಾದರೆ ಗಾಳಿ ನಿಲ್ಲುವ ತನಕ ಕಾದು, ಹಿಂಗಾರು ನೆಲ ಹದ ಮಾಡಿದಾಗ, ಪೊದೆಯ ಮರೆಯಲ್ಲಿ ನೆಡು. ಎರಡೂ ಕಡೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ. ಆ ತಾಯಿ ನನ್ನನ್ನು ಕೇಳಿದ್ದು.

ಹೋದ ವರ್ಷ ಹಳೆಯ ವಿದ್ಯಾರ್ಥಿಗಳು ಕರೆದರೆಂದು ಆ ಶಾಲೆಗೆ ಹೋಗಿದ್ದೆ. ಹೊಸ ಕಟ್ಟಡಕ್ಕಾಗಿ ಕೆಲವು ಮರ ಹೋಗಿವೆ. ಏಳೆಂಟು ಬೇವು ಇವೆ. ನಾನು ಕೀಳದೆ ಬಿಟ್ಟ ಎರಡು ಕಮರ ಈಗ ಕತ್ತೆತ್ತಿ ನೋಡುವಷ್ಟಾಗಿವೆ. ಅವುಗಳ ಕೆಳಗೆ ಕುರ್ಚಿ ಹಾಕಿ ನಮಗೆ ಹಾರ ಹಾಕಿದರು. ಸಭೆ ಮುಗಿದ ಮೇಲೆ ಈಗಿನ ಮುಖ್ಯೋಪಾಧ್ಯಾಯರು, 'ಜುಲೈಯಲ್ಲಿ ವನಮಹೋತ್ಸವವಿದೆ, ನೀವೇ ಬಂದು ಒಂದು ಗಿಡ ನೆಟ್ಟುಕೊಡಬೇಕು' ಎಂದರು. ಸೆಪ್ಟೆಂಬರಿನಲ್ಲಾದರೆ ಬರುತ್ತೇನೆ ಎಂದೆ. ಅವರು ತಮಾಷೆಯೆಂದುಕೊಂಡು ನಕ್ಕರು. ನಾನು ಕೂತು, ಮೊದಲಿನಿಂದ ಹೇಳತೊಡಗಿದೆ.